ಬ್ರೇಕು ಹಿಡಿಯದ ಇಂಗ್ಲೆಂಡ್ ಸೈಕಲ್ಲು

ಈ ಬೆಳಿಗ್ಗೆ ನಮ್ಮ ಕಟ್ಟಡದ ಸೈಕಲ್ ಕೋಣೆಯ ಬಾಗಿಲು ತೆಗೆದಾಗ ಮೊದಲು ಮೂಗಿಗೆ ಬಡಿದದ್ದು ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಆಮೇಲೆ ಕಣ್ಣಿಗೆ ಬಿದ್ದದ್ದು ಕಪ್ಪು ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿದ್ದ ಹಳದಿ ಪಟ್ಟಿ. ಬೆರಳಗಲದ ಪ್ಲಾಸ್ಟಿಕ್ ಪಟ್ಟಿ ಅಷ್ಟೇ. ಆದರೂ ಅದನ್ನು ನೋಡಿದೊಡನೆ ನನಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅವರ ನೆನಪು ಬಂತು...

ಇಲ್ಲಿ ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಲ್ಲಿ ಪ್ರತಿ ವಸಂತದಲ್ಲಿ ಇದು ನಡೆಯುತ್ತದೆ. ಹಿಮ ಕರಗಿ, ಚಳಿಗಾಲದಲ್ಲಿ ಜಾರದಿರಲೆಂದು ರಸ್ತೆಗೆ ಚೆಲ್ಲಿದ ಜಲ್ಲಿಯನ್ನು ಗುಡಿಸಿದ ಮೇಲೆ, ಬಾಡಿಗೆ ಮನೆಗಳ ಕಂಪನಿಯವರು ಬಂದು ಕೋಣೆಯಲ್ಲಿರುವ ಎಲ್ಲ ಸೈಕಲ್ಲುಗಳಿಗೂ ಒಂದೊಂದು ಪಟ್ಟಿ ಕಟ್ಟಿ ಹೋಗುತ್ತಾರೆ. ಬಾಗಿಲಿಗೆ ಒಂದು ಚೀಟಿ ಅಂಟಿಸುತ್ತಾರೆ. ಸೈಕಲ್ಲಿನ ಯಜಮಾನರು ಇಂಥ ದಿನದೊಳಗೆ ಪಟ್ಟಿಯನ್ನು ಕತ್ತರಿಸಿ ಹಾಕಬೇಕು. ಪಟ್ಟಿ ಹಾಗೇ ಉಳಿದ ಸೈಕಲ್ಲು ಯಾರಿಗೂ ಬೇಡದ್ದು ಎಂದು ಲೆಕ್ಕ. ಲಾರಿ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ.

ಇದೆಲ್ಲ ಈಗ ಗೊತ್ತು. ಬಂದ ಮೊದಲ ವರ್ಷ ಗೊತ್ತಿರಲಿಲ್ಲ. ಲೋಹಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಇಲ್ಲಿನ ಉಕ್ಕಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿ, ಮಗಳನ್ನು ದಾಗಿಸ್ ಎನ್ನುವ ಇಲ್ಲಿನ ಶಿಶುವಿಹಾರಕ್ಕೆ ಸೇರಿಸಿ, ಸೆಕೆಂಡ್ ಹ್ಯಾಂಡ್ ಸೈಕಲ್ಲೊಂದನ್ನು ಕೊಂಡು, ಎಲ್ಲವನ್ನೂ ಗೆದ್ದೆ ಎಂದುಕೊಂಡಿದ್ದ ಕಾಲ. ಒಂದು ದಿನ ನೋಡಿದರೆ ಸೈಕಲ್ಲಿಗೆ ಹಳದಿ ಪಟ್ಟಿ. ನನಗೆ ಕೂಡಲೇ ನಮ್ಮ ತಾತನ ಸೈಕಲ್ಲಿನ ಬಿಲ್ಲೆ ನೆನಪಾಯಿತು. ಆಗೆಲ್ಲ ಸೈಕಲ್ಲಿಗೂ ತೆರಿಗೆ ಇತ್ತಂತೆ. ಕಟ್ಟಿದವರಿಗೆ ತಗಡಿನ ಬಿಲ್ಲೆ ಕೊಡುತ್ತಿದ್ದರು, ಬಿಲ್ಲೆ ಇಲ್ಲದ ಸೈಕಲ್ಲನ್ನು ಹಿಡಿದುಕೊಂಡು ಹೋಗುತ್ತಿದ್ದರು. ತಾತ ಆ ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟುಕೊಂಡಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ಓಹೋ, ಇಲ್ಲೂ ಅದೇ ಪದ್ಧತಿ ಎಂದುಕೊಂಡೆ. ಸ್ವೀಡಿಷ್ ಚೀಟಿಯನ್ನು ಓದುವ ಗೋಜಿಗೂ ಹೋಗಲಿಲ್ಲ. ಪಟ್ಟಿ ಸಡಿಲವಾಗಿ ಬಿದ್ದುಹೋದೀತೆಂದು ಅದರ ಮೇಲೆ ಎರಡು ಸುತ್ತು ಸೆಲ್ಲೋಟೇಪು ಬೇರೆ ಸುತ್ತಿದೆ!

ಎರಡು ವಾರದ ಮೇಲೆ ಸೈಕಲ್ಲು ಇಲ್ಲ. ಕಟ್ಟಡದಲ್ಲಿ ಎಲ್ಲರ ಸೈಕಲ್ಲೂ ಇದೆ, ನನ್ನದೊಂದೇ ಇಲ್ಲ. ಖಾಲಿ ಜಾಗದ ಮುಂದೆ ನಿಂತು ನಾನು ಕನ್ನಡದಲ್ಲಿ ಬಯ್ಯುತ್ತಿದ್ದಾಗ ಹಿಂದಿನಿಂದ ಇಂಗ್ಲಿಷಿನಲ್ಲಿ ಒಂದು ದನಿ ಕೇಳಿತು.

"ಪಟ್ಟಿ ಕತ್ತರಿಸಲಿಲ್ಲವೇ?"

ನೆಲಮಹಡಿಯ ಮನೆಯ ಅಜ್ಜ. ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಉಗುರಿನ ಸಂದಿಯಲ್ಲಿ ಎಂದೂ ಹೋಗದ ಕಪ್ಪು. ನಾನು ಬಿಲ್ಲೆಯ ಕಥೆ ಹೇಳಿದೆ. ಸೆಲ್ಲೋಟೇಪಿನ ತನಕ ಬಂದಾಗ ಅವರು ಗೋಡೆಗೆ ಒರಗಿಕೊಂಡು ನಕ್ಕರು, ನಕ್ಕು ನಕ್ಕು ಕೆಮ್ಮಿದರು. ನನಗೆ ಮೈ ಉರಿಯಿತು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ತಾತನ ಸೈಕಲ್ಲು ಯಾವುದು ಎಂದು. ನಾನು ಕಂಪನಿಯ ಹೆಸರನ್ನೂ ನಮ್ಮ ಊರಿನ ಹೆಸರನ್ನೂ ಹೇಳಿದೆ. ಅವರ ನಗು ಹಾಗೇ ನಿಂತಿತು.

"ಎಲ್ಲಿ, ಬೆಂಗಳೂರಿನಲ್ಲಾ? ನಾನು ಆ ಊರಿನ ಹೆಸರನ್ನು ಮರದ ಪೆಟ್ಟಿಗೆಗಳ ಮೇಲೆ ಎಷ್ಟು ಸಲ ಬರೆದಿದ್ದೇನೆ..."

ಇಂಗ್ಲೆಂಡಿನ ಆ ಹಳೆಯ ಸೈಕಲ್ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರೆಲ್ಲ "ನಮ್ಮಪ್ಪನ ಹತ್ತಿರವೂ ಇತ್ತು" ಎಂದು ಶುರು ಮಾಡುತ್ತಾರೆ, ಮಾತು ಅತ್ತ ಹೋಗುತ್ತದೆ. ಅಜ್ಜ ಹುಡುಗನಾಗಿದ್ದಾಗಲೇ ಆ ಕಾರ್ಖಾನೆ ಸೇರಿದವರು. ಮೊದಲು ಹಡಗಿಗೆ ಹೋಗುವ ಪೆಟ್ಟಿಗೆಗಳ ಮೇಲೆ ಊರಿನ ಹೆಸರು ಬರೆಯುವ ಕೆಲಸ, ಆಮೇಲೆ ಬೆಸುಗೆಯ ಒಲೆ. ಕಾರ್ಖಾನೆ ಮುಚ್ಚುವ ತನಕ ಅದೇ ಒಲೆ. ಮುಚ್ಚಿದ ಮೇಲೆ ಹೆಂಡತಿಯ ಊರಾದ ಇಲ್ಲಿಗೆ ಬಂದರು. ನಾನು ಬರುವ ಹೊತ್ತಿಗೆ ಆಕೆ ತೀರಿಕೊಂಡು ಕೆಲವು ವರ್ಷವಾಗಿತ್ತು.

ಅವರ ನೆಲಮಾಳಿಗೆಯ ಗೂಡಿನಲ್ಲಿ ಬಿಡಿಭಾಗಗಳ ರಾಶಿ ಇತ್ತು. ಅದರಿಂದ ನನಗೊಂದು ಸೈಕಲ್ಲು ಆಗುತ್ತದೆ ಎಂದರು. ಮಾಡಿಕೊಡುತ್ತಾರೆ ಎಂದುಕೊಂಡು ಸಂಜೆ ಹೋದರೆ ಸ್ಪ್ಯಾನರ್ ನನ್ನ ಕೈಗೆ ಕೊಟ್ಟು ತಾವು ಸ್ಟೂಲಿನ ಮೇಲೆ ಕೂತರು. ವಾರಕ್ಕೊಂದು ಸಂಜೆಯಂತೆ ಇಡೀ ಬೇಸಿಗೆ ಹಿಡಿಯಿತು. ರಿಮ್ಮಿನ ಬೆಂಡು ತೆಗೆಯುವಾಗ ಕಡ್ಡಿಗಳನ್ನು ನೋಡಬೇಡ, ಬೆರಳಿನಿಂದ ಮೀಟಿ ಸದ್ದು ಕೇಳು ಎನ್ನುವರು. ಸಡಿಲವಾದ ಕಡ್ಡಿ ಮಂದವಾಗಿ ಕೇಳಿಸುತ್ತದೆ. ನಾನು ತಪ್ಪಿದರೆ "ಡಾಕ್ಟರ್, ನಿನ್ನ ಪದವಿ ವಾಪಸ್ ಕೊಟ್ಟು ಬಾ" ಎನ್ನುವರು. ಮಗಳು ಬಾಲ್ ಬೇರಿಂಗಿನ ಗುಂಡುಗಳನ್ನು ತಟ್ಟೆಯಲ್ಲಿ ಉರುಳಿಸುತ್ತಾ ಕೂತಿರುತ್ತಿದ್ದಳು. ಇಷ್ಟು ವರ್ಷ ಸ್ವೀಡನ್ನಿನಲ್ಲಿದ್ದೂ ಅವರು ಫೀಕಾ ಎನ್ನುವ ಇಲ್ಲಿನ ಬಿಡುವಿನ ಹೊತ್ತಿಗೂ ಕಾಫಿ ಮುಟ್ಟಿದವರಲ್ಲ. ಟೀ ಆಗಬೇಕು. ನಾನು ಶುಂಠಿ ಹಾಕಿ ಕುದಿಸಿ ತಂದದ್ದನ್ನು ಒಂದು ಗುಟುಕು ಕುಡಿದು, ಇದು ಟೀ ಅಲ್ಲ ಔಷಧಿ ಎಂದರು. ಲೋಟ ಮಾತ್ರ ಖಾಲಿ ಮಾಡಿದರು.

ಕಾರ್ಖಾನೆಯ ಕಥೆಯನ್ನು ಅವರು ಹೇಳಿದ್ದು ಹೀಗೆ ಬಿಡಿಬಿಡಿಯಾಗಿ. ಮೊದಲು ಒಂದು ಓಣಿಯ ಸಣ್ಣ ಅಂಗಡಿ, ವಾರಕ್ಕೆ ಮೂರೋ ನಾಲ್ಕೋ ಸೈಕಲ್ಲು. ಆಮೇಲೆ ಇಡೀ ದೇಶಕ್ಕೆ ಸೈಕಲ್ಲಿನ ಹುಚ್ಚು ಹಿಡಿಯಿತು, ಓಣಿಯನ್ನೇ ನುಂಗುವ ಕಾರ್ಖಾನೆಯಾಯಿತು. ಯುದ್ಧ ಬಂದಾಗ ಸೈಕಲ್ಲು ಬಿಟ್ಟು ಮದ್ದುಗುಂಡಿನ ಭಾಗಗಳನ್ನು ಮಾಡಿದರು, ಯುದ್ಧ ಮುಗಿದಾಗ ಮತ್ತೆ ಸೈಕಲ್ಲಿಗೆ ಬಂದರು. ಅಂಚೆಯವನು, ಪೊಲೀಸಿನವನು, ಹೆರಿಗೆ ಮಾಡಿಸುವ ನರ್ಸು, ಎಲ್ಲರ ಕಾಲೂ ಅವರ ಪೆಡಲಿನ ಮೇಲೆ. ಆಮೇಲೆ ಜನ ಕಾರು ಕೊಂಡರು. ಕಂಪನಿ ಬೇರೆ ಕಂಪನಿಗಳನ್ನು ಕೊಂಡಿತು, ಕೊನೆಗೆ ಬೇರೆಯವರು ಇದನ್ನು ಕೊಂಡರು. ಒಂದೊಂದಾಗಿ ವಿಭಾಗಗಳಿಗೆ ಬೀಗ ಬಿತ್ತು. ಈಗ ಎಲ್ಲೋ ದೂರದಲ್ಲಿ ಮಾಡಿದ ಸೈಕಲ್ಲಿಗೆ ಆ ಹೆಸರನ್ನು ಅಂಟಿಸುತ್ತಾರೆ. "ಹೆಸರಿಗೆ ಬೆಸುಗೆ ಬೇಕಿಲ್ಲ ನೋಡು, ಗೋಂದು ಸಾಕು" ಎಂದಿದ್ದರು.

ಬೆಸುಗೆ ಎಂದರೆ ಅವರಿಗೆ ಹಿತ್ತಾಳೆಯ ಬೆಸುಗೆ. ಚೌಕಟ್ಟಿನ ಕೊಳವೆಗಳು ಸೇರುವ ಮೂಲೆಯನ್ನು ಕಾಯಿಸಿ, ಕರಗಿದ ಹಿತ್ತಾಳೆ ಸಂದಿಯೊಳಗೆ ತಾನಾಗಿ ಇಳಿಯುವಂತೆ ಮಾಡುವುದು. ಅದು ಯಾಕೆ ಇಳಿಯುತ್ತದೆ ಎಂದು ನಾನು ಸೂತ್ರ ಸಮೇತ ಹೇಳಬಲ್ಲೆ. ಯಾವ ಗಳಿಗೆಯಲ್ಲಿ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕಿತ್ತಳೆ ಬಣ್ಣಕ್ಕೆ ಬಂದಾಗ ಕೊಡಬೇಕು, ಹಳದಿಗೆ ಹೋದರೆ ಉಕ್ಕು ಸತ್ತ ಹಾಗೆ. ಬೆಸುಗೆ ಹಾಕುವ ಒಬ್ಬೊಬ್ಬರಿಗೂ ಒಂದು ಗುರುತಿನ ಉಳಿ ಇರುತ್ತಿತ್ತಂತೆ. ಕೆಲಸ ಮುಗಿದ ಮೇಲೆ ಪೆಡಲಿನ ಅಚ್ಚು ಕೂರುವ ಡಬ್ಬಿಯ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಸುತ್ತಿಗೆಯಿಂದ ಒಂದು ಏಟು. ಅಜ್ಜನ ಗುರುತು ಎರಡು ಚುಕ್ಕಿ, ನಡುವೆ ಒಂದು ಗೀಟು. ಅದರ ಮೇಲೆ ಬಣ್ಣ ಬೀಳುತ್ತಿತ್ತು. ಸೈಕಲ್ಲನ್ನು ತಲೆಕೆಳಗು ಮಾಡಿ ಬೆರಳಾಡಿಸಿದವರಿಗಷ್ಟೇ ಅದು ಸಿಗುತ್ತದೆ.

ಒಲೆ ಆರಿಸುವ ದಿನ ಮಧ್ಯಾಹ್ನ, ಇನ್ನು ಸಾಕು, ಮನೆಗೆ ಹೋಗಿ ಎಂದು ಮೇಲಿನವರು ಬಂದು ಹೇಳಿದರಂತೆ. ಅಜ್ಜನ ಮುಂದೆ ಅರ್ಧ ಮುಗಿದ ಚೌಕಟ್ಟಿತ್ತು. ಅವರು ಏಳಲಿಲ್ಲ. ಉಳಿದವರೆಲ್ಲ ಕೋಟು ಹಾಕಿಕೊಂಡು ಸುತ್ತ ನಿಂತರು. ಬೆಸುಗೆ ಮುಗಿಸಿ, ತಣ್ಣಗಾಗುವ ತನಕ ಕಾದು, ಗುರುತು ಹೊಡೆದರು. ಇನ್ನು ಮುಂದೆ ಹೊಡೆಯುವವರು ಯಾರೂ ಇಲ್ಲವಲ್ಲ ಎಂದು ಅದರ ಪಕ್ಕದಲ್ಲೇ ಇನ್ನೊಂದು ಸಲ ಹೊಡೆದರು. ಆ ಚೌಕಟ್ಟನ್ನು ಕಂಪನಿಯವರಿಂದ ಕೇಳಿ ತಂದುಕೊಂಡು, ಕಪ್ಪು ಬಣ್ಣ ಹಾಕಿಸಿ, ಹಳೆಯ ಕಾಲದ ಕಂಬಿ ಬ್ರೇಕು ಕೂರಿಸಿಕೊಂಡರು. ಸೈಕಲ್ ಕೋಣೆಯಲ್ಲಿ ಬಾಗಿಲ ಪಕ್ಕ ನಿಲ್ಲುತ್ತಿದ್ದದ್ದು ಅದೇ.

ನಾನು ಇದನ್ನೆಲ್ಲ ಬಾಯಿ ಮುಚ್ಚಿಕೊಂಡು ಕೇಳಿದೆ ಎಂದು ತಿಳಿಯಬೇಡಿ. ಒಂದು ದಿನ ಅವರು ನಿಮ್ಮ ದೇಶಕ್ಕೆ ನಾವು ಸೈಕಲ್ಲು ಕೊಟ್ಟೆವು ಎಂದರು. ಅದನ್ನು ನುಂಗಿಕೊಳ್ಳಲು ನನ್ನಿಂದ ಆಗಲಿಲ್ಲ. ಕೊಟ್ಟಿದ್ದಲ್ಲ, ಮಾರಿದ್ದು ಎಂದೆ. ನಮ್ಮ ತಾತ ಹುಡುಗನಾಗಿದ್ದಾಗ ಗೆಳೆಯನೊಬ್ಬನ ಇಂಗ್ಲೆಂಡ್ ಸೈಕಲ್ಲು ಹತ್ತಿಯೇ ಇಂಗ್ಲಿಷರ ವಿರುದ್ಧ ಕರಪತ್ರ ಹಂಚಿದ್ದು ಎಂದೂ ಹೇಳಿದೆ. ಸಿಟ್ಟಾಗುತ್ತಾರೆಂದು ಕಾದೆ. ಅವರು ಸ್ಟೂಲಿನಿಂದ ಎದ್ದು ನನ್ನ ಕೈ ಕುಲುಕಿದರು.

"ಸಿಕ್ಕಿಬೀಳಲಿಲ್ಲ ತಾನೇ? ನಮ್ಮ ಚೈನು ಕಳಚುತ್ತಿರಲಿಲ್ಲ, ಅದಕ್ಕೇ."

ಅದೇ ಸಂಜೆ ನಾನು ಸುಳ್ಳು ಹೇಳಿದ್ದು. ತಾತನ ಸೈಕಲ್ಲು ಈಗಲೂ ಇದೆಯೇ ಎಂದು ಅವರು ಕೇಳಿದರು. ತಾತ ದೊಡ್ಡವರಾಗಿ ತಂತಿ ಆಫೀಸು ಸೇರಿದ ಮೇಲೆ ಕೊಂಡ ಸೈಕಲ್ಲು ಅದು. ಬೀದಿಯಲ್ಲಿ ಅದರ ಬೆಲ್ಲು ಕೇಳಿದರೆ ಯಾರ ಮನೆಗೆ ತಂತಿ ಬಂತೋ ಎಂದು ಜನ ಬಾಗಿಲಿಗೆ ಬರುತ್ತಿದ್ದರು. ಅದು ಅಜ್ಜ ಒಲೆಯ ಮುಂದಿದ್ದ ಕಾಲದ್ದೇ. ಅದರ ಅಡಿಯಲ್ಲಿ ಅವರ ಗುರುತು ಇದ್ದರೂ ಇರಬಹುದು. ಅವರ ಮುಖ ನೋಡಿ ನಾನು "ಇದೆ, ಅಮ್ಮನ ಮನೆಯಲ್ಲಿದೆ, ಈಗಲೂ ಓಡುತ್ತದೆ" ಎಂದುಬಿಟ್ಟೆ. ಹಾಗಾದರೆ ತಲೆಕೆಳಗು ಮಾಡಿ ನೋಡಲು ಹೇಳು ಎಂದರು.

ಎಲ್ಲಿದೆ ನೋಡಲು? ಆದರೂ ಅಮ್ಮನಿಗೆ ಫೋನ್ ಮಾಡಿದೆ.

"ಗುಜರಿಗೆ ಹಾಕಿದ್ವಲ್ಲೇ ಅದನ್ನ, ಮರೆತ್ಯಾ?" ಎಂದರು ಅಮ್ಮ. "ನೀನೇ ಕಣೇ ಹಠ ಮಾಡಿದ್ದು. ನನ್ ಸ್ಕೂಟಿ ನಿಲ್ಸೋಕೆ ಜಾಗ ಇಲ್ಲ, ಮೊದ್ಲು ಈ ಡಬ್ಬಾನ ತೆಗೆಸಿ ಅಂತ."

ಮರೆತಿರಲಿಲ್ಲ. ಗುಜರಿಯವನು ತಕ್ಕಡಿಯ ಕೊಕ್ಕೆಗೆ ಅದನ್ನು ನೇತುಹಾಕಿದಾಗ ಬೆಲ್ಲು ತಾನಾಗಿ ಒಂದು ಸಲ ಸದ್ದು ಮಾಡಿದ್ದೂ ಮರೆತಿರಲಿಲ್ಲ. ತಾತ ಆಗ ಇರಲಿಲ್ಲ, ಅದೊಂದು ಪುಣ್ಯ. ಅಜ್ಜ ಆಮೇಲೆ ಎರಡು ಮೂರು ಸಲ ಕೇಳಿದರು. ಅಮ್ಮನಿಗೆ ಬೆನ್ನುನೋವು, ಬಗ್ಗಲು ಆಗುವುದಿಲ್ಲ ಎಂದೆ. ನೋಡಿದರಂತೆ, ಬಣ್ಣ ದಪ್ಪವಿದೆಯಂತೆ ಎಂದೆ. ಒಂದು ಸುಳ್ಳಿಗೆ ಹತ್ತು ಸುಳ್ಳು. ಅವರು ಕೇಳುವುದನ್ನು ನಿಲ್ಲಿಸಿದರು.

ಹೀಗೆ ಆರು ವರ್ಷ. ಮಗಳು ಶಾಲೆಗೆ ಸೇರಿದಳು. ನಾನು ಸ್ವೀಡಿಷ್ ಕಲಿತೆ, ಚೀಟಿಗಳನ್ನು ಓದಲು ಕಲಿತೆ, ಸರತಿಯಲ್ಲಿ ನಿಲ್ಲಲು ಕಲಿತೆ, ಕೇಳದೆ ಯಾರ ವಸ್ತುವನ್ನೂ ಮುಟ್ಟಬಾರದೆಂದು ಕಲಿತೆ. ಆರನೆಯ ಚಳಿಗಾಲದ ಕೊನೆಯಲ್ಲಿ ಅಜ್ಜ ಅಂಗಡಿಗೆ ನಡೆದು ಹೋಗುವಾಗ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಸೈಕಲ್ಲಿನಲ್ಲಿ ಹೋಗಿದ್ದರೆ ಬೀಳುತ್ತಿರಲಿಲ್ಲ ಎಂಬುದು ಆಸ್ಪತ್ರೆಯಲ್ಲಿ ಅವರ ವಾದ. ಅಲ್ಲಿಂದ ವೃದ್ಧರ ಆರೈಕೆಯ ಮನೆಗೆ ಕಳಿಸಿದರು. ಮನೆ ಅವರ ಹೆಸರಿನಲ್ಲೇ ಇತ್ತು. ವಾಪಸ್ ಬರುತ್ತೇನೆ, ಯಾರೂ ಏನನ್ನೂ ಮುಟ್ಟಬೇಡಿ ಎಂದು ಹೇಳಿಯೇ ಹೋಗಿದ್ದರು.

ಏಪ್ರಿಲಿನಲ್ಲಿ ಹಳದಿ ಪಟ್ಟಿಗಳು ಬಂದವು. ನನ್ನದನ್ನು ಅಂದೇ ಕತ್ತರಿಸಿದೆ. ಅವರ ಸೈಕಲ್ಲಿನ ಮುಂದೆ ಕತ್ತರಿ ಹಿಡಿದು ನಿಂತೆ. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು, ಪಟ್ಟಿಯನ್ನು ಯಜಮಾನರು ಮಾತ್ರ ತೆಗೆಯಬೇಕು ಎಂದು. ಒಂದು ಮಾತು ಅವರನ್ನು ಕೇಳಿ ಕತ್ತರಿಸೋಣ ಎಂದುಕೊಂಡು ಕತ್ತರಿಯನ್ನು ಜೇಬಿಗೆ ಹಾಕಿದೆ. ಆ ವಾರ ಮಗಳಿಗೆ ಜ್ವರ, ಆಮೇಲೆ ಲ್ಯಾಬಿನಲ್ಲಿ ಕೆಲಸ... ಸ್ವೀಡನ್ನು ನನ್ನನ್ನು ಅಷ್ಟು ಒಳ್ಳೆಯವಳನ್ನಾಗಿ ಮಾಡಿಬಿಟ್ಟಿತ್ತು. ಒಂದು ಸಲ ಚೀಟಿ ಓದದೆ ನನ್ನ ಸೈಕಲ್ಲು ಕಳೆದುಕೊಂಡೆ, ಇನ್ನೊಂದು ಸಲ ಚೀಟಿ ಓದಿ ಅವರದ್ದನ್ನು ಕಳೆದೆ.

ಬಾಗಿಲ ಪಕ್ಕದ ಜಾಗ ಖಾಲಿಯಾದದ್ದನ್ನು ನೋಡಿದ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗಲಿಲ್ಲ. ಎತ್ತಿಕೊಂಡು ಹೋದ ಸೈಕಲ್ಲುಗಳನ್ನು ಊರಾಚೆಯ ಒಂದು ಅಂಗಳದಲ್ಲಿ ಬೇಲಿ ಹಾಕಿ ಪೇರಿಸಿದ್ದರು. ಹಳೆಯ ಕಬ್ಬಿಣದ ಲಾರಿ ಮರುದಿನ ಬರುವುದಿತ್ತು. ನೋಡಿಕೊಳ್ಳುತ್ತಿದ್ದವನು ಮೂವತ್ತರ ಆಸುಪಾಸಿನ ಸೌಮ್ಯ ಮನುಷ್ಯ. ಇಲ್ಲಿ ಯಾರೂ ಜಗಳಕ್ಕೆ ಸಿಗುವುದಿಲ್ಲ, ಅದೇ ಕಷ್ಟ.

"ಸೈಕಲ್ಲು ನಿಮ್ಮದೇ?" ಎಂದ.

"ನನ್ನದಲ್ಲ. ಅದನ್ನು ಮಾಡಿದವರದು."

"ಅವರು ಎಲ್ಲಿ?"

"ಹಾಸಿಗೆಯಲ್ಲಿದ್ದಾರೆ. ಇನ್ನೂ ಬದುಕಿದ್ದಾರೆ. ಬದುಕಿರುವವರ ಸಾಮಾನನ್ನು ಗುಜರಿಗೆ ಹಾಕಲು ನಾನು ಬಿಡುವುದಿಲ್ಲ."

ರಸೀದಿ ಇದೆಯೇ, ಫೋಟೋ ಇದೆಯೇ, ಚೌಕಟ್ಟಿನ ನಂಬರ್ ಗೊತ್ತೇ ಎಂದು ಕೇಳಿದ. ಯಾವುದೂ ಇರಲಿಲ್ಲ. ಏನಾದರೊಂದು ಸಾಕ್ಷಿ ಬೇಕು, ಇಲ್ಲವಾದರೆ ನಿಯಮದ ಪ್ರಕಾರ ಆಗುವುದಿಲ್ಲ, ಕ್ಷಮಿಸಿ ಎಂದ. ನಾನು ಬೇಲಿಯ ಹೊರಗೇ ನಿಂತು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡೆ. ನಾನು ಮುಟ್ಟುವುದಿಲ್ಲ, ಆ ಕಂಬಿ ಬ್ರೇಕಿನ ಕಪ್ಪು ಸೈಕಲ್ಲನ್ನು ನೀವೇ ತಲೆಕೆಳಗು ಮಾಡಿ ಎಂದೆ. ಪೆಡಲಿನ ಅಚ್ಚಿನ ಡಬ್ಬಿಯ ಅಡಿಯಲ್ಲಿ, ಬಣ್ಣದ ಕೆಳಗೆ, ಎರಡು ಚುಕ್ಕಿಯ ನಡುವೆ ಒಂದು ಗೀಟು ಇರಬೇಕು. ಅದು ಒಂದಲ್ಲ, ಪಕ್ಕಪಕ್ಕದಲ್ಲಿ ಎರಡು ಇರಬೇಕು. ಹಾಗೆ ಎರಡು ಸಲ ಹೊಡೆದದ್ದು ಲೋಕದಲ್ಲಿ ಇದೊಂದೇ. ಇಲ್ಲದಿದ್ದರೆ ಸುಮ್ಮನೆ ಹೊರಟುಹೋಗುತ್ತೇನೆ.

ಅವನು ನನ್ನನ್ನು ಒಂದು ಸಲ ನೋಡಿ, ರಾಶಿಯಿಂದ ಸೈಕಲ್ಲನ್ನು ಎಳೆದು ತಿರುಗಿಸಿದ. ಬಗ್ಗಿ, ಗ್ಲೌಸಿನಿಂದ ಕೊಳೆ ಒರೆಸಿದ. ಆಮೇಲೆ ಗ್ಲೌಸು ತೆಗೆದು ಬರಿ ಬೆರಳಿನಿಂದ ತಡವಿದ.

"ಎರಡು ಇವೆ" ಎಂದ.

ಅಲ್ಲಿಂದ ನೇರವಾಗಿ ಆರೈಕೆ ಮನೆಗೆ ಸೈಕಲ್ಲು ತುಳಿದುಕೊಂಡು ಹೋದೆ. ಅವರ ಕೋಣೆ ನೆಲಮಹಡಿಯಲ್ಲೇ ಇತ್ತು. ಕಿಟಕಿಯ ಹೊರಗೆ ನಿಲ್ಲಿಸಿ ಬೆಲ್ಲು ಹೊಡೆದೆ. ಅವರು ದಿಂಬಿನ ಮೇಲೆ ತಲೆ ತಿರುಗಿಸಿ ನೋಡಿದರು. ಹ್ಯಾಂಡಲ್ಲಿನಲ್ಲಿ ಹಳದಿ ಪಟ್ಟಿ ಇನ್ನೂ ಇತ್ತು, ಅವರಿಗೆ ಎಲ್ಲ ಅರ್ಥವಾಯಿತು. ಒಳಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ತಾತನ ಸೈಕಲ್ಲಿನದೂ ಬಾಯಿಗೆ ಬಂತು. ಅದು ಇಲ್ಲ, ನಾನೇ ಗುಜರಿಗೆ ಹಾಕಿಸಿದ್ದು, ಆರು ವರ್ಷ ನಿಮಗೆ ಸುಳ್ಳು ಹೇಳಿದೆ ಎಂದು ಅತ್ತುಬಿಟ್ಟೆ.

"ಗೊತ್ತಿತ್ತು, ಡಾಕ್ಟರ್" ಎಂದರು. "ಆ ಸೈಕಲ್ಲು ನಿಜವಾಗಿ ಇರುವವರು ಮೊದಲು ಬ್ರೇಕನ್ನು ಬಯ್ಯುತ್ತಾರೆ. ಮಳೆ ಬಂದರೆ ಅದು ಹಿಡಿಯುವುದಿಲ್ಲ. ನಾವು ಕೊನೆಯ ತನಕ ಅದನ್ನು ಸರಿಮಾಡಲೇ ಇಲ್ಲ. ನೀನು ಒಂದು ಸಲವೂ ಬ್ರೇಕಿನ ಸುದ್ದಿ ಎತ್ತಲಿಲ್ಲ."

ನಾನು ಅಳುತ್ತಿದ್ದವಳು ನಕ್ಕೆ. ಅವರು ನಗಲಿಲ್ಲ. ಪಟ್ಟಿ ಕತ್ತರಿಸಲು ಹೇಳಿದರು. ಜೇಬಿನಲ್ಲಿ ಅದೇ ಕತ್ತರಿ ಇತ್ತು, ಹೊರಗೆ ಹೋಗಿ ಅವರಿಗೆ ಕಾಣುವಂತೆ ಕತ್ತರಿಸಿದೆ. "ಇನ್ನು ಮೇಲೆ ಕೇಳಲು ಬರಬೇಡ" ಎಂದರು, ನಾನು ಒಳಗೆ ಬಂದಾಗ.

ಕೇಳಲು ಅವರು ಹೆಚ್ಚು ದಿನ ಇರಲೂ ಇಲ್ಲ. ಆ ವರ್ಷದ ಮೊದಲ ಹಿಮ ಬೀಳುವ ಮೊದಲೇ ಹೋದರು. ಇಂಗ್ಲೆಂಡಿನಿಂದ ಬಂದ ತಂಗಿಯ ಮಗ ಎರಡೇ ದಿನದಲ್ಲಿ ಮನೆ ಖಾಲಿ ಮಾಡಿದ. ಸೈಕಲ್ಲು ಬೇಕಾದರೆ ಇಟ್ಟುಕೊಳ್ಳಿ, ಹಳೆಯದು, ಕೆಲಸಕ್ಕೆ ಬರುವುದಿಲ್ಲ ಎಂದ. ನಾನು ಅಂದೇ ಅದರ ಚೈನಿಗೆ ಎಣ್ಣೆ ಬಿಟ್ಟೆ.

ಈಗ ನೆಲಮಹಡಿಯ ಆ ಮನೆಯಲ್ಲಿ ಬೇರೆಯವರಿದ್ದಾರೆ, ನೆಲಮಾಳಿಗೆಯ ಗೂಡಿನಲ್ಲಿ ಅವರ ಸ್ಕೀ ಹಲಗೆಗಳಿವೆ. ಲ್ಯಾಬಿನಲ್ಲಿ ಕೆಲವರು ನನ್ನ ಸೈಕಲ್ಲು ನೋಡಿ ಮ್ಯೂಸಿಯಂಗೆ ಕೊಡು ಎನ್ನುತ್ತಾರೆ. ಕೊಡುವುದಿಲ್ಲ. ಅದು ನಿಲ್ಲಲು ಹುಟ್ಟಿದ್ದಲ್ಲ. ಪ್ರತಿ ಭಾನುವಾರ ಎಣ್ಣೆ ಬಿಡುತ್ತೇನೆ, ಕಡ್ಡಿ ಮೀಟಿ ಕೇಳುತ್ತೇನೆ. ತಪ್ಪಿದರೆ ಪದವಿ ವಾಪಸ್ ಕೊಡು ಎನ್ನುವವರು ಇಲ್ಲ. ಆ ಜಾಗ ಹಾಗೇ ಖಾಲಿ ಇದೆ, ಅದಕ್ಕೆ ಯಾವ ಬೆಸುಗೆಯೂ ಇಲ್ಲ.

ಈ ಬೆಳಿಗ್ಗೆ ಹಳದಿ ಪಟ್ಟಿಯನ್ನು ಕತ್ತರಿಸಿ, ಚೀಟಿಯ ಕೆಳಗಿನ ಕಸದ ಬುಟ್ಟಿಗೆ ಎಸೆದು ಹೊರಟೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಮಗಳು ತನ್ನ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದಳು. ಇಳಿಜಾರಿನ ಕೊನೆಯಲ್ಲಿ ನಾನು ಬ್ರೇಕು ಒತ್ತಿದೆ. ಹಿಡಿಯಲಿಲ್ಲ. ಮತ್ತೆ ಒತ್ತಿದೆ, ಹಿಡಿಯಲಿಲ್ಲ. ತಿರುವಿನಲ್ಲಿ ಬೂಟಿನ ತುದಿಯನ್ನು ನೆಲಕ್ಕೆ ಉಜ್ಜಿ, ಬೇಲಿಗೆ ಗೇಣಿನಷ್ಟು ದೂರದಲ್ಲಿ ನಿಂತೆ.

"ಥೂ, ಇದರ ಮನೆ ಹಾಳಾಗ! ಎಂಥ ದರಿದ್ರ ಬ್ರೇಕು ಮಾಡಿದ್ದೀರ್ರೀ!"

ಮಗಳು ಸೈಕಲ್ಲು ನಿಲ್ಲಿಸಿ, ಯಾರಿಗೆ ಬಯ್ಯುತ್ತಿದ್ದೀಯಾ ಎಂದು ಸ್ವೀಡಿಷಿನಲ್ಲಿ ಕೇಳಿದಳು. ಸುತ್ತ ಯಾರೂ ಇರಲಿಲ್ಲ. ಕಣ್ಣೊರೆಸಿಕೊಂಡು, ಇನ್ನೊಂದು ಸಲ ಇನ್ನಷ್ಟು ಗಟ್ಟಿಯಾಗಿ ಬಯ್ದೆ.